ಎಲ್ಲವನ್ನೂ ಗ್ರಹಚಾರದ ತಲೆಗೆ ಕಟ್ಟಬೇಡಿ: ಅಟ್ಲಾಂಟಾ ಬ್ರೇವ್ಸ್‌ನ 2024

ಅಟ್ಲಾಂಟಾ ಬ್ರೇವ್ಸ್ ಅಭಿಮಾನಿಗಳ ಹತ್ತಿರ 2024ರ ಸೀಸನ್ ಬಗ್ಗೆ ಮಾತು ತೆಗೆದು ನೋಡಿ. ಗಾಯಗಳ ಪಟ್ಟಿ ಒಪ್ಪಿಸಿ, ಕೊನೆಗೆ ನಿಟ್ಟುಸಿರು ಬಿಡ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಎಲ್ಲಾ ಗ್ರಹಚಾರ. ನಾನೂ ಇದೇ ತಂಡದ ಅಭಿಮಾನಿ, ಆದರೆ ಈ ಮಾತನ್ನ ಅರ್ಧ ಮಾತ್ರ ಒಪ್ತೀನಿ.

ಬೇಸ್‌ಬಾಲ್ ಅಷ್ಟಾಗಿ ನೋಡದವರಿಗೆ ಸ್ವಲ್ಪ ಹಿನ್ನೆಲೆ. 2023ರಲ್ಲಿ ಬ್ರೇವ್ಸ್ 104 ಪಂದ್ಯ ಗೆದ್ದಿತ್ತು. 307 ಹೋಮ್ ರನ್ ಹೊಡೆದು ಲೀಗ್ ದಾಖಲೆ ಸರಿಗಟ್ಟಿತ್ತು. ರೊನಾಲ್ಡ್ ಅಕುನಾ 41 ಹೋಮ್ ರನ್ ಹೊಡೆದು, 73 ಬೇಸ್ ಕದ್ದು, ಅವಿರೋಧವಾಗಿ ಎಂವಿಪಿ ಆದ. ಪಿಚರ್ ಸ್ಪೆನ್ಸರ್ ಸ್ಟ್ರೈಡರ್ 281 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ ಮಾಡಿದ. ಮುಂದಿನ ವರ್ಷ ಸ್ಟ್ರೈಡರ್ ಎರಡೇ ಪಂದ್ಯ ಆಡಿ ಮೊಣಕೈ ಶಸ್ತ್ರಚಿಕಿತ್ಸೆಗೆ ಹೋದ. ಮೇ ತಿಂಗಳಲ್ಲಿ ಅಕುನಾನ ಎಡ ಮೊಣಕಾಲಿನ ಎಸಿಎಲ್ ಹರಿಯಿತು. ಜುಲೈನಲ್ಲಿ ಆಲ್ಬೀಸ್ ಮಣಿಕಟ್ಟು, ಆಗಸ್ಟ್‌ನಲ್ಲಿ ರೈಲಿಯ ಕೈ ಮುರಿಯಿತು.

ಇದನ್ನೆಲ್ಲ ಒಂದೇ ಪಟ್ಟಿಯಲ್ಲಿ ಹಾಕೋದೇ ಮೊದಲ ತಪ್ಪು. ದಿನಾ ಡೇಟಾ ಜೊತೆ ಕೆಲಸ ಮಾಡೋರಿಗೆ ಇದು ಗೊತ್ತು: ಬೇರೆ ಬೇರೆ ಕಾರಣಗಳನ್ನ ಒಟ್ಟಿಗೆ ಕೂಡಿಸಿದರೆ ಯಾವ ಕಾರಣವೂ ಕಾಣಲ್ಲ. ರೈಲಿಯ ಕೈಗೆ ಎದುರಾಳಿಯ ಚೆಂಡು ಬಡಿಯಿತು. ಅಕುನಾ ಓಡ್ತಾ ಇದ್ದವನು ಹಿಂದಕ್ಕೆ ತಿರುಗಿದ, ಮೊಣಕಾಲು ಕೈಕೊಟ್ಟಿತು. ಇವು ನಿಜಕ್ಕೂ ಗ್ರಹಚಾರ.

ಸ್ಟ್ರೈಡರ್ ಕಥೆ ಬೇರೆ. ಕಾಲೇಜಿನಲ್ಲಿದ್ದಾಗಲೇ, 2019ರಲ್ಲಿ, ಅದೇ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಗಿತ್ತು. ಪಿಚರ್‌ಗಳ ಗಾಯದ ಬಗ್ಗೆ ಮೇಜರ್ ಲೀಗ್ 2024ರ ಡಿಸೆಂಬರ್‌ನಲ್ಲಿ ಒಂದು ವರದಿ ಹೊರತಂದಿತು. ಅದು ಬೆರಳು ತೋರಿಸಿದ್ದು ವೇಗದ ಬೆನ್ನುಹತ್ತುವ ಚಾಳಿಯ ಕಡೆಗೆ, ಪ್ರತಿ ಎಸೆತಕ್ಕೂ ಪೂರ್ತಿ ಶಕ್ತಿ ಸುರಿಯುವುದರ ಕಡೆಗೆ. ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದದ್ದು 2024ರಲ್ಲಿ 94.2 ಆಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಆಟಗಾರರ ಸಂಘ ಪಿಚ್ ಕ್ಲಾಕ್ ಮೇಲೆ ತಪ್ಪು ಹೊರಿಸಿತ್ತು, ಲೀಗ್ ಅಲ್ಲಗಳೆದಿತ್ತು. ಗಡಿಯಾರದ ಜಗಳದಲ್ಲಿ ಮುಖ್ಯ ಪ್ರಶ್ನೆ ಹಿಂದೆ ಬಿತ್ತು: ಜೋರಾಗಿ ಎಸೆದವನಿಗೇ ಕೆಲಸ, ದುಡ್ಡು, ಹೆಸರು ಸಿಗೋದಾದ್ರೆ, ಮೊಣಕೈ ಉಳಿಸಿಕೊಳ್ಳೋಕೆ ಯಾರು ನಿಧಾನಕ್ಕೆ ಎಸೀತಾರೆ? ಇದರಲ್ಲಿ ನನ್ನ ವೃತ್ತಿಯವರ ಪಾಲೂ ಇದೆ. ವೇಗ ಅಳೆಯೋದು ಸುಲಭ, ಲಿಗಮೆಂಟ್‌ನ ತಾಳ್ಮೆ ಅಳೆಯೋದು ಕಷ್ಟ. ಅಳೆಯೋಕೆ ಬಂದದ್ದಕ್ಕೇ ಬೆಲೆ ಕಟ್ಟಿದ್ವಿ.

ಹಾಗಂತ ಲೆಕ್ಕ ಇಷ್ಟು ಸರಳವಾಗೂ ಇಲ್ಲ. ವರ್ಷಗಟ್ಟಲೆ ಗಾಯದಿಂದ ನರಳಿದ್ದ, 35 ವರ್ಷದ ಕ್ರಿಸ್ ಸೇಲ್ ಅದೇ ಸೀಸನ್‌ನಲ್ಲಿ 18 ಗೆಲುವು, 225 ಸ್ಟ್ರೈಕ್‌ಔಟ್ ಪಡೆದು ಸೈ ಯಂಗ್ ಪ್ರಶಸ್ತಿ ಗೆದ್ದ. ಆದರೆ ಸೆಪ್ಟೆಂಬರ್ 30ರಂದು, ಮೆಟ್ಸ್ ವಿರುದ್ಧ ಒಂದೇ ದಿನ ಎರಡು ಪಂದ್ಯ ಇದ್ದಾಗ, ಬೆನ್ನು ಹಿಡಿದುಕೊಂಡು ಅವನೂ ಕೂರಬೇಕಾಯಿತು. ಅವನಿಲ್ಲದೆಯೇ ಎರಡನೇ ಪಂದ್ಯವನ್ನ 3-0 ಅಂತರದಲ್ಲಿ ಗೆದ್ದ ತಂಡ 89 ಗೆಲುವಿನೊಂದಿಗೆ ಪ್ಲೇಆಫ್ ಸೇರಿತು. ಸ್ಯಾನ್ ಡಿಯಾಗೋದಲ್ಲಿ ಎರಡೂ ಪಂದ್ಯ ಸೋತು ಮನೆಗೆ ಬಂತು. ಅಷ್ಟು ಗಾಯಗಳ ನಡುವೆ 89 ಗೆಲುವು ಹೆಮ್ಮೆಯ ವಿಷಯವೇ. ಆದರೆ ಆ ಹೆಮ್ಮೆ ಪ್ರಶ್ನೆಯನ್ನ ಮುಚ್ಚಿಹಾಕಬಾರದು.

ಅಮೆರಿಕದಲ್ಲಿರೋ ನಿಮ್ಮಲ್ಲಿ ಕೆಲವರ ಮಕ್ಕಳು ಲಿಟಲ್ ಲೀಗ್ ಆಡ್ತಿರಬಹುದು, ಅಥವಾ ನೀವೇ ಆಡಿ ಬೆಳೆದಿರಬಹುದು. ಅಲ್ಲಿ 9-10 ವಯಸ್ಸಿನವರಿಗೆ ದಿನಕ್ಕೆ 75 ಪಿಚ್, 11-12ರವರಿಗೆ 85 ಅಂತ ಮಿತಿ ಇದೆ. ಒಳ್ಳೆಯ ನಿಯಮ. ಆದರೆ ಅದು ಎಸೆತಗಳ ಎಣಿಕೆ ಮಾತ್ರ, ಎಷ್ಟು ಜೋರಾಗಿ ಎಸೆದರು ಅನ್ನೋದು ಅದರ ಲೆಕ್ಕಕ್ಕೆ ಬರಲ್ಲ. ಆ ಲೆಕ್ಕ ಇಡಬೇಕಾದವರು ಬೇಲಿಯಾಚೆ ನಿಂತಿರೋ ನಾವು. ಮಗು ಮೈದಾನದಿಂದ ಬಂದಾಗ "ಎಷ್ಟು ಮೈಲಿ ಬಂತು?" ಅಂತ ಕೇಳೋ ಮುಂಚೆ "ಕೈ ನೋಯ್ತಾ ಇದೆಯಾ?" ಅಂತ ಕೇಳಿ.