ಒಂದೇ ಐಡಿಯಾದ ರಾಜಕುಮಾರ

ನನ್ನ ಹತ್ತಿರ ಒಂದು ಹಳೆಯ ಪ್ರಿನ್ಸ್ ಗ್ರಾಫೈಟ್ ರ‍್ಯಾಕೆಟ್ ಇದೆ. ಕಪ್ಪು ಮೈ, ಹಸಿರು ಪಟ್ಟೆ, ಕುತ್ತಿಗೆಯ ಕವಲಿಗೆ ಅಡ್ಡಲಾಗಿ ಒಂದು ಪಟ್ಟಿ. ಅಮೆರಿಕದಲ್ಲಿದ್ದ ಸೋದರಮಾವ ತೊಂಬತ್ತರ ದಶಕದಲ್ಲಿ ಸೂಟ್‌ಕೇಸಿನಲ್ಲಿ ಸ್ವೆಟರ್ ಸುತ್ತಿ ತಂದುಕೊಟ್ಟದ್ದು. ಗಟ್ಟಿಂಗ್‌ಗೆ, ಅಂದರೆ ತಂತಿ ಕಟ್ಟಿಸಲು, ಕೊಟ್ಟಾಗಲೆಲ್ಲ ಅಂಗಡಿಯವರದ್ದು ಒಂದೇ ಗೊಣಗು: “ಏನ್ ಸಾರ್ ಇದು, ಒಳ್ಳೆ ಜರಡಿ ಇದ್ದಂಗಿದೆ. ಗಟ್ಟು ಜಾಸ್ತಿ ಹಿಡಿಯುತ್ತೆ.”

ಈ ಜರಡಿಯೇ, ಅಂದರೆ ದೊಡ್ಡ ಮುಖದ ರ‍್ಯಾಕೆಟ್ಟೇ, ಪ್ರಿನ್ಸ್ ಕಂಪನಿ ಟೆನಿಸ್‌ಗೆ ಕೊಟ್ಟ ದೊಡ್ಡ ಕಾಣಿಕೆ. ಆಮೇಲೆ ಅದು ಮಾಡಿದ್ದರಲ್ಲಿ ಬಹುಪಾಲು, ಈ ಒಂದು ಐಡಿಯಾದ ಬಡ್ಡಿಯಲ್ಲಿ ನಡೆಸಿದ ಸಂಸಾರ.

1970ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಪ್ರಿನ್ಸ್‌ಟನ್ ಊರಿನಲ್ಲಿ ಕಂಪನಿ ಶುರುವಾದಾಗ ರ‍್ಯಾಕೆಟ್ಟಿನ ಸುದ್ದಿಯೇ ಇರಲಿಲ್ಲ. ರಾಬರ್ಟ್ ಮೆಕ್‌ಕ್ಲೂರ್ ಎಂಬಾತ ಅಭ್ಯಾಸಕ್ಕೆ ಚೆಂಡು ಎಸೆಯುವ ಯಂತ್ರ ಮಾಡಿ ಮಾರುತ್ತಿದ್ದ. ಅದರ ಹೆಸರು ‘ಲಿಟಲ್ ಪ್ರಿನ್ಸ್’. ಅದನ್ನು ಕೊಂಡವರಲ್ಲಿ ಒಬ್ಬ ಹೋವರ್ಡ್ ಹೆಡ್. ಮೊದಲು ಬಾಲ್ಟಿಮೋರ್‌ನಲ್ಲಿ ವಿಮಾನ ಕಂಪನಿಯ ಎಂಜಿನಿಯರ್ ಆಗಿದ್ದವನು. ಹಿಮದ ಮೇಲೆ ಜಾರುವ ಸ್ಕೀ ಮರದ್ದಾಗಿದ್ದ ಕಾಲದಲ್ಲಿ ಲೋಹದ ಸ್ಕೀ ಮಾಡಿ ಹಣ ಕಂಡು, ಕಂಪನಿ ಮಾರಿ, ಐವತ್ತು ದಾಟಿದ ಮೇಲೆ ಟೆನಿಸ್ ಹಿಡಿದ. ಆಟ ಒಲಿಯಲಿಲ್ಲ. ಯಂತ್ರ ಸರಿಯಿಲ್ಲ ಎನಿಸಿತು; ಅದನ್ನು ತಿದ್ದಲು ಹೋದವನು ಕಂಪನಿಯ ಯಜಮಾನನೇ ಆದ. ಯಂತ್ರವೇನೋ ಸುಧಾರಿಸಿತು. ಅವನ ಹೊಡೆತ ಸುಧಾರಿಸಲಿಲ್ಲ. ಆಗ ಕಣ್ಣು ಕೈಯಲ್ಲಿದ್ದ ರ‍್ಯಾಕೆಟ್ ಮೇಲೆ ಬಿತ್ತು.

ತಂತಿಯ ನಡುಮಧ್ಯ ಬಿಟ್ಟು ಬದಿಗೆ ಚೆಂಡು ತಗುಲಿದರೆ ರ‍್ಯಾಕೆಟ್ ಅಂಗೈಯಲ್ಲೇ ತಿರುಚಿಕೊಳ್ಳುತ್ತದೆ. ನಮ್ಮಂಥ ಆಟಗಾರರ ಅರ್ಧ ಚೆಂಡು ನೆಟ್ಟಿಗೆ ಹೋಗುವುದು ಹೀಗೆಯೇ. ಹಗ್ಗದ ಮೇಲೆ ನಡೆಯುವ ದೊಂಬರ ಹುಡುಗಿ ಉದ್ದನೆಯ ಗಳು ಹಿಡಿಯುತ್ತಾಳಲ್ಲ, ಹೆಡ್‌ಗೆ ಹೊಳೆದದ್ದು ಅದೇ ತತ್ವ. ಭಾರ ನಡುವಿನಿಂದ ದೂರ ಸರಿದಷ್ಟೂ ತಿರುಚುವುದು ಕಷ್ಟ. ಅದೂ ದೂರದ ವರ್ಗಕ್ಕೆ ತಕ್ಕಂತೆ. ಅಂದರೆ ಅಗಲವನ್ನು ಐದನೇ ಒಂದು ಪಾಲು ಹೆಚ್ಚಿಸಿದರೆ ತಿರುಚನ್ನು ತಡೆಯುವ ಶಕ್ತಿ ನೂರಕ್ಕೆ ನಲವತ್ತನಾಲ್ಕರಷ್ಟು ಏರುತ್ತದೆ. ತಂತಿಯ ಜಾಗವನ್ನು ಅವನು ಎರಡು ಇಂಚು ಹೆಚ್ಚು ಅಗಲ, ಮೂರು ಇಂಚು ಹೆಚ್ಚು ಉದ್ದ ಮಾಡಿದ. ಆ ಉದ್ದವನ್ನು ಕೆಳಕ್ಕೆ, ಕುತ್ತಿಗೆಯೊಳಕ್ಕೆ ಇಳಿಸಿದ್ದರಿಂದ ಒಟ್ಟು ರ‍್ಯಾಕೆಟ್ ಉದ್ದವಾಗಲಿಲ್ಲ. ನನಗೆ ಈ ವಿನ್ಯಾಸದಲ್ಲಿ ತುಂಬ ಇಷ್ಟವಾಗುವುದು ಈ ಜಾಣತನ.

ಮಜಾ ಎಂದರೆ ಇದನ್ನು ತಡೆಯುವ ನಿಯಮವೇ ಇರಲಿಲ್ಲ. ನೆಟ್ಟಿನ ಎತ್ತರ, ಚೆಂಡಿನ ತೂಕ, ಗೆರೆಯ ಅಗಲ ಎಲ್ಲಕ್ಕೂ ಲೆಕ್ಕ ಬರೆದಿಟ್ಟ ಟೆನಿಸ್, ರ‍್ಯಾಕೆಟ್ ಎಂದರೆ ಏನು ಎಂದು 1978ರವರೆಗೆ ಹೇಳಿಯೇ ಇರಲಿಲ್ಲ. ಹೆಡ್‌ನ ಪೇಟೆಂಟ್ 1976ರ ಡಿಸೆಂಬರಿನಲ್ಲಿ ಮಂಜೂರಾಯಿತು. 85ರಿಂದ 130 ಚದರ ಇಂಚಿನವರೆಗೆ ಅವನದೇ ಬೇಲಿ. ಮರದ ರ‍್ಯಾಕೆಟ್ಟಿನ ಮುಖ 70 ಚದರ ಇಂಚಿನ ಆಸುಪಾಸು ಇದ್ದ ಕಾಲದಲ್ಲಿ ಪ್ರಿನ್ಸ್ ಕ್ಲಾಸಿಕ್‌ನದು ಸುಮಾರು 110.

ಜನ ನಕ್ಕರು. ಮುದುಕರ ಆಟಿಕೆ, ಮೋಸದ ಸಾಧನ ಅಂದರು. ಅವನ ಲೋಹದ ಸ್ಕೀಗೂ ಹಿಂದೆ ಇದೇ ಬಿರುದು ಸಿಕ್ಕಿತ್ತು. 1978ರ ಯು.ಎಸ್. ಓಪನ್‌ನಲ್ಲಿ ಹದಿನಾರರ ಪ್ಯಾಮ್ ಶ್ರೈವರ್ ಈ ಜರಡಿ ಹಿಡಿದು ಬಂದಳು. ಸೆಮಿಫೈನಲ್‌ನಲ್ಲಿ ಆ ವರ್ಷದ ವಿಂಬಲ್ಡನ್ ವಿಜೇತೆ ಮಾರ್ಟಿನಾ ನವ್ರಾಟಿಲೋವಾಳನ್ನು ಸೋಲಿಸಿ, ಫೈನಲ್‌ನಲ್ಲಿ ಕ್ರಿಸ್ ಎವರ್ಟ್‌ಗೆ ಸೋತಳು. ನಗು ಅಲ್ಲಿಗೆ ಅರ್ಧ ನಿಂತಿತು. ಪೂರ್ತಿ ನಿಲ್ಲದಿರಲು ಕಾರಣವೂ ಇತ್ತು: ಅಲ್ಯೂಮಿನಿಯಂ ಚೌಕಟ್ಟು ಗಟ್ಟಿ ಹೊಡೆತಕ್ಕೆ ಬಾಗುತ್ತಿತ್ತು, ಚೆಂಡು ಎತ್ತ ಹಾರುತ್ತದೆಂದು ಹೊಡೆದವರಿಗೇ ಖಾತ್ರಿಯಿಲ್ಲ. ಅದನ್ನು ಸರಿಪಡಿಸಿದ್ದು ಗ್ರಾಫೈಟ್. 1989ರಲ್ಲಿ ಹದಿನೇಳರ ಮೈಕೆಲ್ ಚಾಂಗ್ ಪ್ಯಾರಿಸ್‌ನಲ್ಲಿ ಇವಾನ್ ಲೆಂಡ್ಲ್‌ಗೆ ಕೈಕೆಳಗಿನ ಸರ್ವ್ ಹಾಕಿ ಸೋಲಿಸಿ, ಕೊನೆಗೆ ಸ್ಟೆಫಾನ್ ಎಡ್ಬರ್ಗ್‌ನನ್ನು ಮಣಿಸಿ ಫ್ರೆಂಚ್ ಓಪನ್ ಗೆದ್ದಾಗ ಅವನ ಕೈಯಲ್ಲಿದ್ದದ್ದು ನನ್ನ ಮನೆಯ ಈ ರ‍್ಯಾಕೆಟ್ಟಿನ ಅಣ್ಣ.

ಅಷ್ಟರಲ್ಲಿ ಕಂಪನಿ ಕೈ ಬದಲಿಸುತ್ತ ಹೊರಟಿತ್ತು. 1982ರಲ್ಲಿ ಕೊಂಡವರು ಚೀಸ್‌ಬ್ರೋ-ಪಾಂಡ್ಸ್, ಅಂದರೆ ನಮ್ಮ ಮನೆಗಳ ಪಾಂಡ್ಸ್ ಸ್ನೋ, ವ್ಯಾಸಲೀನ್ ಡಬ್ಬಿಯವರು! ಆಮೇಲೆ ಇಟಲಿಯ ಬೆನೆಟನ್, ಮತ್ತೆ ಒಂದು ಹೂಡಿಕೆ ಕಂಪನಿ. 17 ವರ್ಷದ ಪೇಟೆಂಟ್ 1993ರಲ್ಲಿ ಮುಗಿದು ಬೇಲಿ ಬಿದ್ದಿತು. 2012ರಲ್ಲಿ ದಿವಾಳಿ ಅರ್ಜಿ.

ಈ ಅವಧಿಯ ಸರಕಿನಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು? ಮಾಮೂಲಿಗಿಂತ ಒಂದು ಇಂಚು ಹೆಚ್ಚು ಉದ್ದದ ‘ಲಾಂಗ್‌ಬಾಡಿ’ ಗಟ್ಟಿಯದೇ. ಗಿಡ್ಡ ಚಾಂಗ್‌ಗೆ ಅದರಿಂದ ಸರ್ವ್‌ನಲ್ಲಿ ನಿಜವಾದ ಲಾಭ ಸಿಕ್ಕಿತು. ಉದ್ದದ ಪೈಪೋಟಿ ಹೆಚ್ಚಿದಾಗ ಅಂತರರಾಷ್ಟ್ರೀಯ ಟೆನಿಸ್ ಫೆಡರೇಶನ್ ಮಿತಿಯನ್ನು 32 ಇಂಚಿನಿಂದ 29ಕ್ಕೆ ಇಳಿಸಿತು. ‘ಟ್ರಿಪಲ್ ಥ್ರೆಟ್’ ಎಂದು ಟೈಟಾನಿಯಂ, ಟಂಗ್‌ಸ್ಟನ್ ಹೆಸರು ಹೇಳಿ ಮಾರಿದ್ದು ಹೆಚ್ಚಾಗಿ ಜಾಹೀರಾತಿನ ಗದ್ದಲ. ಚೌಕಟ್ಟಿನಲ್ಲಿ ಬೆರಳು ತೂರುವಷ್ಟು ತೂತು ಕೊರೆದ ‘ಓ3’ ಬಗ್ಗೆ ನನಗೆ ಎರಡು ಮನಸ್ಸು. ಮೊಣಕೈ ನೋವಿನವರಿಗೆ ಅದು ಹಿತ. ಆದರೆ ಚೆಂಡು ತಗುಲಿದ್ದು ಕೈಗೆ ಮಂದವಾಗಿ ತಿಳಿಯುತ್ತದೆ, ಗಟ್ಟಿಂಗ್‌ಗೆ ಬೇರೆಯೇ ಉಪಕರಣ ಬೇಕು. ಜಾಹೀರಾತಿನಲ್ಲಿ ಸದ್ದು ಮಾಡದ ‘ಸಿಂಥೆಟಿಕ್ ಗಟ್’ ತಂತಿ ಮಾತ್ರ ಕಡಿಮೆ ದುಡ್ಡಿಗೆ ಇವತ್ತಿಗೂ ಮೋಸ ಮಾಡದ ಸಾಮಾನು.

ಇನ್ನೊಂದು ವಿಚಿತ್ರ. ಸ್ಕೀ ಕಂಪನಿಯನ್ನು ಮಾರುವಾಗ ಹೋವರ್ಡ್ ತನ್ನ ಹೆಸರನ್ನೂ ಮಾರಿದ್ದ. ‘ಹೆಡ್’ ರ‍್ಯಾಕೆಟ್ ಪ್ರಿನ್ಸ್‌ನ ಎದುರಾಳಿಯಾಗಿ ಬೆಳೆಯಿತು. 2004ರಲ್ಲಿ ಪ್ರಿನ್ಸ್ ಹಿಡಿದು ವಿಂಬಲ್ಡನ್ ಗೆದ್ದ ಮರಿಯಾ ಶರಪೋವಾ 2011ರಲ್ಲಿ ಹೊರಟುಹೋದದ್ದು ಆ ಹೆಡ್‌ಗೇ. ನೋಡಲು ಅವನಿರಲಿಲ್ಲ, 1991ರಲ್ಲೇ ತೀರಿಕೊಂಡಿದ್ದ. ಇಷ್ಟರಲ್ಲಿ ಮುಖದ ಅಳತೆಯಲ್ಲಿ ಅವನ 110 ಚದರ ಇಂಚು ಕೂಡ ಗೆದ್ದಿರಲಿಲ್ಲ, ಹಳೆಯ 70 ಕೂಡ ಉಳಿದಿರಲಿಲ್ಲ. 90ಕ್ಕೆ ಅಂಟಿಕೊಂಡಿದ್ದ ಫೆಡರರ್ ಕೂಡ 2014ರಲ್ಲಿ 97ಕ್ಕೆ ಬಂದ.

ಕಳೆದ ತಿಂಗಳು ನನ್ನ ಗ್ರಾಫೈಟಿನ ಗಟ್ಟು ಮತ್ತೆ ಕಡಿಯಿತು. ಅಂಗಡಿಯವರು ಅದನ್ನು ಮಿಶನ್ನಿಗೆ ಬಿಗಿಯುವ ಮೊದಲು ಒಮ್ಮೆ ತಿರುಗಿಸಿ ನೋಡಿದರು. “ಸಾರ್, ಈಗಿನ ನೂರರದ್ದೊಂದು ತಗೊಳ್ಳಿ, ಹಗುರ ಇರುತ್ತೆ” ಅಂದರು. ತಂತಿ ಸಿಂಥೆಟಿಕ್ ಗಟ್ಟೇ ಇರಲಿ, ಟೆನ್ಶನ್ ಸ್ವಲ್ಪ ಜಾಸ್ತಿ ಇಡಿ ಎಂದು ಹೇಳಿ ಬಂದೆ.