ಕಡುಗಪ್ಪು ಓಕ್ ನೆಲದ ಕೀರ್ತಿ

ಒಳಾಂಗಣ ವಿನ್ಯಾಸವನ್ನು ವೃತ್ತಿಯಾಗಿ ಕೈಕೊಂಡವರಲ್ಲಿಯೂ ಅವರ ಕೃತಿಗಳನ್ನು ವಿವೇಚಿಸಿ ಬರೆಯುವವರಲ್ಲಿಯೂ ಈಚೆಗೆ ಬೇರೂರಿರುವ ನಂಬಿಕೆಗಳಲ್ಲಿ ಒಂದೆಂದರೆ, ಕೋಣೆಯ ನೆಲಕ್ಕೆ ಕಡುಗಪ್ಪಾದ ಓಕ್ ಹಲಗೆಯನ್ನು ಹಾಸಿದೊಡನೆ ಆ ಕೋಣೆಗೆ ಗಾಂಭೀರ್ಯವೂ ಹಳಮೆಯ ಘನತೆಯೂ ತಾವಾಗಿ ಒದಗಿಬರುವುವು ಎಂಬುದು. ಲಂಡನ್ನಿನ ವಸತಿಗಳಿಂದ ನ್ಯೂಯಾರ್ಕಿನ ಹೋಟೆಲುಗಳವರೆಗೆ ಈ ನೆಲಕ್ಕೆ ದೊರೆತಿರುವ ಮನ್ನಣೆಯನ್ನು ಕಂಡು, ಇಷ್ಟು ಜನ ಒಪ್ಪಿದ್ದರಲ್ಲಿ ಸತ್ತ್ವವಿಲ್ಲದಿರದು ಎಂದು ಭಾವಿಸುವುದು ಸಹಜವೇ ಸರಿ. ಆದರೆ ಈ ಮನ್ನಣೆಯ ಬಹುಭಾಗವು ಆ ವಸ್ತು ತನ್ನ ಗುಣದಿಂದ ಗಳಿಸಿದುದಲ್ಲ, ಛಾಯಾಚಿತ್ರಗಳಿಂದಲೂ ಪರದೇಶದ ಹಳೆಯ ಮನೆಗಳ ನೆನಪಿನಿಂದಲೂ ಎರವಲಾಗಿ ಬಂದುದು ಎಂಬುದೇ ನನ್ನ ಅಭಿಪ್ರಾಯ. ಮೆಚ್ಚಿಗೆಗೆ ನಿಜವಾಗಿ ಪಾತ್ರವಾದ ಕಪ್ಪು ಓಕ್ ಬೇರೊಂದುಂಟು. ಅದನ್ನು ಕೇಳುವವರು ವಿರಳ.

ಇಂಥ ನೆಲಕ್ಕೆ ಹಾಸುವ ಎಂಜಿನಿಯರ್ಡ್ ಓಕ್ ಎಂದರೇನೆಂಬುದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಮೇಲೆ ಎರಡರಿಂದ ಆರು ಮಿಲಿಮೀಟರು ದಪ್ಪದ ಓಕ್ ಪದರ, ಅಡಿಯಲ್ಲಿ ನಾರು ಅಡ್ಡಡ್ಡವಾಗುವಂತೆ ಕೂಡಿಸಿದ ಪ್ಲೈವುಡ್ ಅಥವಾ ಮೆದುಮರ. ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುವ ಮರವನ್ನು ಹದದಲ್ಲಿಡುವ ಈ ಉಪಾಯಕ್ಕೆ ಸ್ವೀಡನ್ನಿನ ಗುಸ್ತಾಫ್ ಶೇರ್ 1941ರಲ್ಲಿ ಪೇಟೆಂಟ್ ಪಡೆದುದೂ ತಿಳಿದ ವಿಷಯವೇ. ವಿಚಾರ ಮಾಡಬೇಕಾದುದು ಬೇರೆ ಒಂದು ಪ್ರಶ್ನೆ: ಹುಟ್ಟಿನಿಂದ ಗೋದಿಯ ಬಣ್ಣದ ಈ ಮರಕ್ಕೆ ಕಪ್ಪು ಎಲ್ಲಿಂದ ಬರುತ್ತದೆ?

ಪೇಟೆಯಲ್ಲಿ ದೊರೆಯುವ ಕಡುಗಪ್ಪು ಹಲಗೆಗಳಲ್ಲಿ ಬಹಳಷ್ಟಕ್ಕೆ ಅದು ಲೇಪದಿಂದ ಬಂದುದು. ಓಕ್ ಮರದಲ್ಲಿ ವಸಂತಕಾಲದ ಬೆಳವಣಿಗೆ ದೊಡ್ಡ ರಂಧ್ರಗಳುಳ್ಳದ್ದು, ಬೇಸಗೆಯ ಬೆಳವಣಿಗೆ ಗಟ್ಟಿಯಾದದ್ದು. ಬಳಿದ ಬಣ್ಣವು ರಂಧ್ರಗಳಲ್ಲಿ ಹೋಗಿ ನಿಂತು ಗಟ್ಟಿಯಾದ ಎಡೆಯಲ್ಲಿ ಜಾರಿಹೋಗುವುದರಿಂದ, ತೆಳುವಾದ ಲೇಪದಲ್ಲಿ ಮರದ ಗೆರೆಗಳು ಇನ್ನಷ್ಟು ಸ್ಫುಟವಾಗಿ ಎದ್ದು ಕಾಣುವುದುಂಟು. ಆದರೆ ಕಡುಗಪ್ಪು ಬೇಕೆಂದು ಲೇಪದ ಮೇಲೆ ಲೇಪ ಕೊಡುತ್ತ ಹೋದಂತೆ, ಯಾವ ಗೆರೆಗಳಿಗಾಗಿ ಓಕನ್ನು ಆರಿಸಿ ಹಣ ತೆತ್ತೆವೋ ಆ ಗೆರೆಗಳೇ ಮುಳುಗಿ ಹೋಗುತ್ತವೆ. ಉಳಿದದ್ದು ಓಕಿನ ಬೆಲೆ, ಓಕಿನ ರೂಪವಲ್ಲ. ಇಷ್ಟಾಗಿ ಆ ಕಪ್ಪಿನ ಆಳವೆಷ್ಟು? ಮಿಲಿಮೀಟರಿನ ಒಂದು ಅಂಶ ಮಾತ್ರ. ಅಮೆರಿಕದ ಬಿಳಿ ಓಕ್ ಜಾಂಕಾ ಪರೀಕ್ಷೆಯಲ್ಲಿ 1360 ಪೌಂಡುಗಳ ಬಲವನ್ನು ತಡೆಯುವ ಗಟ್ಟಿಮರವೆಂಬುದು ದಿಟವಾದರೂ, ಬಣ್ಣವು ಆ ಗಟ್ಟಿತನಕ್ಕೆ ಎಳ್ಳಷ್ಟನ್ನೂ ಕೂಡಿಸುವುದಿಲ್ಲ. ಕುರ್ಚಿಯ ಕಾಲು ಎಳೆದ ಗೀರು, ಪಾದರಕ್ಷೆಗೆ ಅಂಟಿಬಂದ ಮರಳಿನ ಕಣ ಕೊರೆದ ಗೆರೆ, ಬಣ್ಣವಿಲ್ಲದ ಓಕಿನಲ್ಲಿಯೂ ಬೀಳುವುದೇ. ಅಲ್ಲಿ ಅದು ಮರದ ಮೇಲೆ ಮರದ ಬಣ್ಣವೇ ಆಗಿ ಕಣ್ಣಿಗೆ ಬೀಳದೆ ಹೋಗುತ್ತದೆ, ಇಲ್ಲಿ ಕಪ್ಪಿನ ಮೇಲೆ ಬಿಳಿಯ ಗೆರೆಯಾಗಿ ನಿಲ್ಲುತ್ತದೆ. ಗೀರುಗಳನ್ನು ತೆಗೆಯಲು ಮರಳುಕಾಗದದಿಂದ ಉಜ್ಜಿದರೆ ಬಣ್ಣವೇ ಹೋಗಿ, ಮತ್ತೆ ಮೊದಲಿನಿಂದ ನೆಲವನ್ನೆಲ್ಲ ಬಳಿಯಬೇಕು. ಹಳೆಯದಾಗುತ್ತ ಸೊಗಸೇರುವುದು ಮರದ ದೊಡ್ಡ ಗುಣ. ಆ ಗುಣವನ್ನೇ ಕಳೆದು, ಹಾಸಿದ ದಿನವೇ ಪರಮಾವಧಿ, ಮರುದಿನದಿಂದ ಅವನತಿ ಎಂಬ ಸ್ಥಿತಿಗೆ ನೆಲವನ್ನು ತಂದಿಡುವ ಕ್ರಿಯೆಯನ್ನು ಸಂಸ್ಕಾರವೆಂದು ಕರೆಯಲು ನಾನು ಒಪ್ಪಲಾರೆ.

ಇದಕ್ಕೆ ಪ್ರತಿಯಾಗಿ ಓಕಿಗೆ ತನ್ನೊಳಗಿನಿಂದಲೇ ಬರುವ ಕಪ್ಪೊಂದುಂಟು. ಓಕ್ ಒಗರು ತುಂಬಿದ ಮರ. ಆ ಒಗರಿನ ಸತ್ತ್ವವಾದ ಟ್ಯಾನಿನ್ನಿಗೆ ಅಮೋನಿಯದ ಆವಿ ತಗುಲಿದರೆ ಮರವು ಕಂದುಗಟ್ಟುತ್ತದೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕದ ಗುಸ್ತಾವ್ ಸ್ಟಿಕ್ಲಿ ತನ್ನ ಪೀಠೋಪಕರಣಗಳಿಗೆ ಈ ವಿಧಾನವನ್ನು ಬಳಸಿ ಅದನ್ನು ಜನಪ್ರಿಯಗೊಳಿಸಿದನು. ಇದೇ ಒಗರಿಗೆ ಕಬ್ಬಿಣ ಕೂಡಿದರೆ ಕಂದಲ್ಲ, ಕಪ್ಪೇ ಉಂಟಾಗುತ್ತದೆ: ಅಳಲೆಕಾಯಿಯ ಒಗರಿಗೆ ಕಬ್ಬಿಣ ಬೆರೆಸಿ ಮಸಿ ಮಾಡುತ್ತಿದ್ದ ನಮ್ಮ ಹಿರಿಯರಿಗೆ ಈ ರಸಕ್ರಿಯೆ ಅಪರಿಚಿತವೇನಲ್ಲ. ಐರ್ಲೆಂಡಿನ ಜೌಗುನೆಲದಲ್ಲಿಯೂ ಇಂಗ್ಲೆಂಡಿನ ಪೂರ್ವಭಾಗದ ಜವುಳು ಪ್ರದೇಶದಲ್ಲಿಯೂ ಸಾವಿರಾರು ವರ್ಷ ಹೂತುಹೋಗಿದ್ದ ಓಕ್ ದಿಮ್ಮಿಗಳು ಇದ್ದಿಲಿನಂತೆ ಕಪ್ಪಾಗಿ ದೊರೆಯುವುದಕ್ಕೂ ನೆಲದ ನೀರಿನಲ್ಲಿದ್ದ ಕಬ್ಬಿಣವೇ ಕಾರಣ. ಇಲ್ಲಿ ಕಪ್ಪು ಮರದ ಮೇಲೆ ಕುಳಿತಿಲ್ಲ, ಮರವೇ ಕಪ್ಪಾಗಿದೆ. ವಿಮರ್ಶಕರು ಗಮನಿಸದ ಒಂದು ಸಂಗತಿಯನ್ನು ಈ ಸಂದರ್ಭದಲ್ಲಿ ಒತ್ತಿ ಹೇಳಬೇಕು. ಅಮೋನಿಯದ ಆವಿ ಇಡಿಯ ದಿಮ್ಮಿಯ ತಿರುಳಿನವರೆಗೆ ಇಳಿಯುವುದು ಕಷ್ಟ. ನಾಲ್ಕು ಮಿಲಿಮೀಟರಿನ ಪದರದ ಉದ್ದಗಲ ಆಳಗಳಲ್ಲೆಲ್ಲ ವ್ಯಾಪಿಸುವುದು ಸುಲಭ. ಆದುದರಿಂದ ಎಂಜಿನಿಯರ್ಡ್ ಹಲಗೆಯ ತೆಳುವಾದ ಮೇಲ್ಪದರವು, ಯಾವುದನ್ನು ಅದರ ದೌರ್ಬಲ್ಯವೆಂದು ಹೀಗಳೆಯುತ್ತಾರೋ ಅದು, ಈ ಸಂಸ್ಕಾರಕ್ಕೆ ತಕ್ಕ ಪಾತ್ರವೇ ಆಗಿದೆ. ಹಾಗೆ ಪಳಗಿದ ಹಲಗೆಯನ್ನು ಉಜ್ಜಿ ನವೀಕರಿಸಿದರೂ ಬಣ್ಣ ಅಳಿಯದು. ಆದರೆ ಆವಿಯ ಕಂದು ಒಂದು ಮೇರೆಯನ್ನು ಮೀರದು, ಒಗರು ಕಡಮೆಯಾದ ಹೊರಮರ ಬಿಳಿದಾಗಿಯೇ ಉಳಿಯುತ್ತದೆ, ಹಲಗೆಯಿಂದ ಹಲಗೆಗೆ ಛಾಯೆ ಬೇರೆಯಾಗುತ್ತದೆ. ಈ ಭೇದವನ್ನು ದೋಷವೆಂದೆಣಿಸಿ ಮಾರುವವರು ಅದರ ಮೇಲೂ ಬಣ್ಣ ಬಳಿದು ಸಮಗೊಳಿಸುವುದುಂಟು. ಸಮವಾಗಿ ಕಡುಗಪ್ಪಾದ ನೆಲವನ್ನೇ ಬೇಡುವ ರುಚಿಯು ಹೀಗೆ ಒಳ್ಳೆಯ ವಿಧಾನವನ್ನೂ ಕೆಡಿಸುತ್ತದೆ.

ಇನ್ನು ಬೆಳಕಿನ ವಿಚಾರ. ಕಿಟಕಿಯಿಂದ ಬಂದ ಹಗಲು ಬೆಳಕು ಮೊದಲು ಬೀಳುವುದು ನೆಲದ ಮೇಲೆ. ಪಕ್ಕದ ಕಿಟಕಿಯುಳ್ಳ ಕೋಣೆಯಲ್ಲಿ ಚಾವಣಿಗೂ ಒಳಮೂಲೆಗಳಿಗೂ ದೊರೆಯುವ ಬೆಳಕಿನಲ್ಲಿ ಗಣನೀಯ ಭಾಗವು ನೆಲದಿಂದ ಮೇಲಕ್ಕೆ ಚಿಮ್ಮಿದುದೇ. ಒಳಾಂಗಣ ಕಾರ್ಯಸ್ಥಳಗಳನ್ನು ಕುರಿತ ಯೂರೋಪಿನ ಬೆಳಕಿನ ಮಾನದಂಡವು 2011ರ ಆವೃತ್ತಿಯಲ್ಲಿ ನೆಲದ ಪ್ರತಿಫಲನ 0.2ರಿಂದ 0.4ರಷ್ಟಿರಲಿ ಎಂದು ಸೂಚಿಸಿದುದು ಈ ಕಾರಣದಿಂದಲೇ. ಕಡುಗಪ್ಪು ಹಲಗೆ 0.1ರ ಕೆಳಗೇ ನಿಲ್ಲುವುದು. ಅಂಥ ನೆಲವನ್ನು ಆರಿಸಿದವನು ನೆಲವೊಂದನ್ನೇ ಅಲ್ಲ, ಚಾವಣಿಯನ್ನೂ ಕಪ್ಪಾಗಿಸಿದಂತಾಯಿತು. ಆ ನಷ್ಟವನ್ನು ಹಗಲಿನಲ್ಲಿಯೇ ವಿದ್ಯುದ್ದೀಪಗಳಿಂದ ತುಂಬಬೇಕಾಗುವುದು. ಕಪ್ಪು ಬಿಸಿಲನ್ನು ಹೀರುವುದು ಬೇರೆ. ನೆಲವನ್ನು ಅಡಿಯಿಂದ ಕಾಯಿಸುವ ಶೀತದೇಶದ ಮನೆಗಳಲ್ಲಿ ಹಲಗೆಯ ಮೇಲ್ಮೈ 27 ಡಿಗ್ರಿ ಸೆಲ್ಸಿಯಸ್ ಮೀರದಿರಲೆಂದು ಸಾಮಾನ್ಯವಾಗಿ ನಿಯಮಿಸುತ್ತಾರೆ; ದಕ್ಷಿಣಮುಖದ ಗಾಜಿನ ಬಾಗಿಲ ಮುಂದಿನ ಕಪ್ಪು ನೆಲ ಬಿಸಿಲೊಂದರಿಂದಲೇ ಆ ಎಲ್ಲೆಯನ್ನು ದಾಟಬಲ್ಲದು. ಅಂಗೈಯಗಲದ ಮಾದರಿತುಂಡನ್ನು ಕಿಟಕಿಯ ಬಳಿ ಎತ್ತಿ ಹಿಡಿದು ನೋಡಿ ನಿರ್ಧರಿಸುವವರಿಗೆ ಇದಾವುದೂ ತೋರುವುದಿಲ್ಲ. ಆ ತುಂಡಿನ ಮೇಲೆ ಬೆಳಕು ಬೀಳುವುದನ್ನು ಮಾತ್ರ ಅವರು ನೋಡುತ್ತಾರೆ, ಅದು ಕೋಣೆಗೆ ಹಿಂದಿರುಗಿಸಬೇಕಾದ ಬೆಳಕನ್ನು ನೋಡುವುದಿಲ್ಲ.

ಇಲ್ಲಿ ಕೆಲವು ವಿಮರ್ಶಕರು ಜಪಾನಿನ ಲೇಖಕ ತನಿಝಾಕಿಯನ್ನು ಮುಂದೊಡ್ಡುತ್ತಾರೆ. ನೆರಳಿನ ಸೌಂದರ್ಯವನ್ನು ಕೊಂಡಾಡಿ 1933ರಲ್ಲಿ ಆತ ಬರೆದ ಪ್ರಬಂಧವನ್ನು ಕಪ್ಪು ನೆಲದ ಸಮರ್ಥನೆಗೆ ಬಳಸುವುದು ಇಂದಿನ ವಿನ್ಯಾಸ ವಿಮರ್ಶೆಯಲ್ಲಿ ವಾಡಿಕೆಯೇ ಆಗಿದೆ. ಪ್ರಬಂಧವನ್ನು ಆದರದಿಂದ ಓದಿದವರು ಹೀಗೆ ಹೇಳಲಾರರು. ಆ ಜಪಾನೀ ಕೋಣೆಯಲ್ಲಿ ನೆರಳನ್ನು ಹುಟ್ಟಿಸುವುದು ಮುಂಚಾಚಿದ ಸೂರು, ಅದನ್ನು ಸೋಸುವುದು ಕಾಗದದ ಬಾಗಿಲು. ನೆಲದಲ್ಲಿರುವುದು ಹುಲ್ಲುಬಣ್ಣದ ತಾತಾಮಿ ಚಾಪೆ. ಅಂಗಳದಿಂದ ತಗ್ಗಾಗಿ ಬಂದ ಬೆಳಕನ್ನು ಬಿಳುಪಾದ ನೆಲ ಹಿಡಿದು ಮೇಲಕ್ಕೆ ಕೊಡುವುದರಿಂದಲೇ ಅಲ್ಲಿಯ ನೆರಳಿಗೆ ಹದವುಂಟು. ಸೂರೂ ಇಲ್ಲದ, ಕಾಗದವೂ ಇಲ್ಲದ, ಬಿಸಿಲು ನೇರವಾಗಿ ಹೊಗುವ ಗಾಜಿನ ಮನೆಯಲ್ಲಿ ನೆಲವನ್ನು ಕಪ್ಪಾಗಿಸಿ ಅದನ್ನು ತನಿಝಾಕಿಯ ನೆರಳೆಂದು ಹೊಗಳುವುದು ಆ ಮಹಾಲೇಖಕನಿಗೆ ಮಾಡುವ ಅನ್ಯಾಯ.

ಕಪ್ಪು ಆಕ್ಸೈಡಿನ ಸಿಮೆಂಟು ನೆಲವೂ ಕಡಪ ಕಲ್ಲಿನ ನೆಲವೂ ನಮ್ಮ ಮನೆಗಳಲ್ಲಿ ಇದ್ದುವಲ್ಲ ಎಂದು ಕೇಳುವ ಸ್ವದೇಶಾಭಿಮಾನಿಗಳಿಗೆ ಉತ್ತರ ಇನ್ನೂ ಸರಳ. ಕಡಪ ಕಲ್ಲಿನ ಕಪ್ಪು ಕಲ್ಲಿನ ಆಳಕ್ಕೂ ಇರುವಂಥದು. ತೊಟ್ಟಿಮನೆಯಲ್ಲಿ ಬೆಳಕು ನೆತ್ತಿಯ ಮೇಲಿನಿಂದ ಬರುವಂಥದು. ಆ ನೆಲವಾದರೋ ಧೂಳು ಕೂತರೆ ಒಂದು ಕೊಡ ನೀರು ಸುರಿದು ಸಾರಿಸಬಹುದಾದಂಥದು. ಕಪ್ಪಿನ ಮೇಲೆ ಧೂಳು ಹೆಚ್ಚಾಗಿ ಕಾಣುವ, ಆದರೆ ನೀರು ಸುರಿಯಲಾಗದ ಮರಕ್ಕೆ ಈ ಹೋಲಿಕೆ ಸಲ್ಲದು. ಇನ್ನೊಂದು ಪಕ್ಷದವರು ಇಂಗ್ಲೆಂಡಿನ ಕಲಾವಿಮರ್ಶಕ ರಸ್ಕಿನ್ನನು 1849ರಲ್ಲಿ ಪ್ರತಿಪಾದಿಸಿದ ವಸ್ತುಸತ್ಯದ ತತ್ತ್ವವನ್ನು ಹಿಡಿದು ಪದರಗೂಡಿದ ಹಲಗೆಯೇ ವಂಚನೆಯೆನ್ನುತ್ತಾರೆ. ಅವರೊಡನೆಯೂ ನನ್ನ ಮನಸ್ಸು ಕೂಡದು: ಹಿಗ್ಗು ಕುಗ್ಗುಗಳನ್ನು ತಡೆಯಲೆಂದು ಮಾಡಿದ ಜೋಡಣೆ ಯಾರನ್ನೂ ಮೋಸಗೊಳಿಸದು. ಮರಕ್ಕೆ ಮರದ ಬಣ್ಣವೊಂದನ್ನುಳಿದು ಯಾವ ಬಣ್ಣವನ್ನಾದರೂ ಬಳಿಯಬಹುದೆಂದು 1898ರಲ್ಲಿ ವಿಯೆನ್ನಾದ ಅಡಾಲ್ಫ್ ಲೋಸ್ ವಿಧಿಸಿದ ನಿಯಮವೇ ಇಲ್ಲಿ ಹೆಚ್ಚು ನ್ಯಾಯವಾದ ಒರೆಗಲ್ಲು. ಓಕನ್ನು ವೆಂಗೆ ಮರವೆಂದೋ ಶತಮಾನಗಳ ಹಳೆಯ ಓಕೆಂದೋ ತೋರಿಸಲು ಬಳಿದ ಬಣ್ಣ ಈ ಒರೆಯಲ್ಲಿ ನಿಲ್ಲದು. ಇಂಗ್ಲೆಂಡಿನ ಹಳೆಯ ಓಕಿನ ಕಪ್ಪೆಂದು ಅನುಕರಿಸಲ್ಪಡುವುದರಲ್ಲಿ ಎಷ್ಟೋ ಭಾಗ ವಿಕ್ಟೋರಿಯಾ ಕಾಲದವರು ಬಳಿದುದೇ ಆದುದರಿಂದ, ಇದು ಅನುಕರಣದ ಅನುಕರಣವಾಗಿದೆ.

ಕಪ್ಪು ನೆಲಕ್ಕೆ ಗುಣವೇ ಇಲ್ಲವೆಂದು ಹೇಳುತ್ತಿಲ್ಲ. ಬಿಳಿಯ ಗೋಡೆಯೊಡನೆ ಅದು ಸ್ಪಷ್ಟವಾದ ವೈದೃಶ್ಯವನ್ನು ಕೊಡುವುದರಿಂದ ದೃಷ್ಟಿ ಮಂದವಾದವರಿಗೆ ನೆಲ ಗೋಡೆಗಳ ಗಡಿ ಗೊತ್ತಾಗುತ್ತದೆ. ಎತ್ತರದ ಚಾವಣಿಯೂ ಎರಡು ದಿಕ್ಕಿನ ಕಿಟಕಿಗಳೂ ಇರುವ ವಿಶಾಲವಾದ ಕೋಣೆಯಲ್ಲಿ, ಸಂಜೆಯ ಬಳಕೆಗೆಂದೇ ಇರುವ ಗ್ರಂಥಾಲಯದಲ್ಲಿ, ಅದು ಒಪ್ಪುತ್ತದೆ. ಆದರೆ ಈ ಅಪವಾದಗಳು ನಿಯಮವನ್ನು ಸಡಿಲಿಸುವುದಿಲ್ಲ.

ವಿನ್ಯಾಸಕಾರನು ಛಾಯೆಯ ಹೆಸರನ್ನು ಕೇಳುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಲಿ: ಈ ಕಪ್ಪು ಎಷ್ಟು ಆಳಕ್ಕಿದೆ, ಈ ಕೋಣೆಗೆ ಬೆಳಕು ಎಲ್ಲಿಂದ ಬರುತ್ತದೆ? ಮೊದಲನೆಯದಕ್ಕೆ ಪದರದ ಆಳದವರೆಗೂ ಎಂಬ ಉತ್ತರವೂ ಎರಡನೆಯದಕ್ಕೆ ನೆಲವನ್ನು ಅವಲಂಬಿಸದ ಉತ್ತರವೂ ದೊರೆತರೆ, ಆವಿಯಲ್ಲಿ ಪಳಗಿ ಕಂದುಗಟ್ಟಿದ ಓಕನ್ನು, ಅದರ ಛಾಯಾಭೇದಗಳನ್ನು ಅಳಿಸದೆ, ಎಣ್ಣೆಯೊಂದನ್ನೇ ಸವರಿ ಹಾಸಲಿ. ಅದಕ್ಕಿಂತ ಕಪ್ಪಾದುದನ್ನು ಬಯಸದಿರಲಿ. ಎರಡರಲ್ಲಿ ಒಂದಕ್ಕೆ ಅಂಥ ಉತ್ತರವಿಲ್ಲದಿದ್ದರೂ ಓಕನ್ನು ಅದರ ಸಹಜವರ್ಣದಲ್ಲಿಯೇ ಬಿಡುವುದು ಮನೆಗೂ ಮರಕ್ಕೂ ಶ್ರೇಯಸ್ಕರ.