ಆಮೋಸನನ್ನು ವಚನಕಾರನನ್ನಾಗಿಸಬೇಡಿ

ತುಂಗಭದ್ರೆಯಾಚೆಯ ಬಳ್ಳಾರಿಯಲ್ಲಿ ಮಿಷನರಿಗಳಾದ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ವರ್ಷಗಟ್ಟಲೆ ದುಡಿದು 1831ರ ಹೊತ್ತಿಗೆ ಇಡೀ ಬೈಬಲನ್ನು ಕನ್ನಡಕ್ಕೆ ತಂದರು. ಅಂದಿನಿಂದ ಹಳೆಯ ಒಡಂಬಡಿಕೆಯ ಪ್ರವಾದಿ ಆಮೋಸ ಕನ್ನಡದಲ್ಲಿದ್ದಾನೆ. ಆದರೆ ಮೀನಿನ ಹೊಟ್ಟೆ ಹೊಕ್ಕ ಯೋನನನ್ನು ಬಲ್ಲ ನಮ್ಮ ಓದುಗರಿಗೆ ಅವನು ಅಪರಿಚಿತ. ಬಲ್ಲವರೂ ಅವನನ್ನು ಬಸವಣ್ಣನ ಪಕ್ಕ ಕೂಡಿಸಿ, ಬಡವರ ಪರ ಗುಡುಗಿದವನೆಂದು ಕೈಮುಗಿದು ಮುಂದೆ ಹೋಗುತ್ತಾರೆ. ಅಷ್ಟು ಹೇಳಲು ಪುಸ್ತಕ ತೆರೆಯಬೇಕಿಲ್ಲ. ಆಮೋಸ ದೊಡ್ಡವನಾದದ್ದು ಅನುಕಂಪದಿಂದಲ್ಲ, ಮಾತು ಕಟ್ಟಿದ ರೀತಿಯಿಂದ.

ಅವನ ಪುಸ್ತಕದ ಮೊದಲೆರಡು ಅಧ್ಯಾಯಗಳನ್ನೇ ನೋಡಿ. ತೆಕೋವದ ಈ ಕುರಿಗಾಹಿ ದಕ್ಷಿಣದ ಯೆಹೂದದವನು. ನಿಂತು ಮಾತಾಡುತ್ತಿರುವುದು ಉತ್ತರದ ಇಸ್ರಾಯೇಲಿನಲ್ಲಿ, ಎರಡನೇ ಯಾರೊಬ್ಬಾಮನ ಸಿರಿಗಾಲದಲ್ಲಿ. ಕೇಳುಗರ ತಪ್ಪನ್ನು ಅವನು ಮೊದಲು ಎತ್ತುವುದಿಲ್ಲ. ದಮಸ್ಕ, ಗಾಜಾ, ತೂರ್. ಆಮೇಲೆ ರಕ್ತಸಂಬಂಧದ ಎದೋಮ್, ಅಮ್ಮೋನ್, ಮೋವಾಬ್. ಏಳನೆಯದಾಗಿ ತನ್ನದೇ ಯೆಹೂದ. ಪ್ರತಿ ಸಲವೂ ಪಾಪ ಮೂರು, ಅಲ್ಲ, ನಾಲ್ಕು ಎಂಬ ಅದೇ ಎಣಿಕೆ. ಪ್ರತಿ ಸಲವೂ ಅರಮನೆ ಸುಡುವ ಅದೇ ಬೆಂಕಿ. ಮೋವಾಬಿನ ಅಪರಾಧ ಎದೋಮಿನ ಅರಸನ ಎಲುಬು ಸುಟ್ಟು ಸುಣ್ಣ ಮಾಡಿದ್ದು. ಅದರಿಂದ ಇಸ್ರಾಯೇಲ್ ಕಳೆದುಕೊಂಡದ್ದೇನೂ ಇಲ್ಲ. ಅಂದರೆ ಅವನು ತನ್ನ ಜನರ ಹಳೆಯ ಹಗೆಗಳ ಲೆಕ್ಕ ಒಪ್ಪಿಸುತ್ತಿಲ್ಲ. ಏಳಕ್ಕೆ ಮುಗಿಯಿತೆಂದು ಕೇಳುಗರು ತಲೆದೂಗುವಾಗ ಎಂಟನೆಯ ಹೆಸರು ಬರುತ್ತದೆ: ಇಸ್ರಾಯೇಲ್.

ಉಳಿದವರಿಗೆ ನಾಲ್ಕೆಂದು ಎಣಿಸಿಯೂ ಒಂದೆರಡನ್ನೇ ಹೆಸರಿಸಿದವನು ಇಲ್ಲಿ ತಡೆಯದೆ ಸುರಿಯುತ್ತಾನೆ. ಜೋಡು ಕೆರದ ಬೆಲೆಗೆ ಬಡವನನ್ನು ಮಾರಿದ್ದು, ಒತ್ತೆ ಬಟ್ಟೆ ಹಾಸಿಕೊಂಡು ಬಲಿಪೀಠದ ಬಳಿಯೇ ಒರಗಿದ್ದು. ಆದರೆ ಬೆಂಕಿ ಮಾತ್ರ ಇಲ್ಲ. ಏಳು ಸಲ ಕೇಳಿಸಿದ ಸಾಲನ್ನು ಎಂಟನೆಯ ಸಲ ತಡೆಹಿಡಿದು, ಓಡಲಾರದ ವೇಗಿಯನ್ನು, ನಿಲ್ಲಲಾರದ ಬಿಲ್ಲುಗಾರನನ್ನು ಮುಂದೆ ತರುತ್ತಾನೆ. ದಂಡನೆ ಕಟ್ಟಡಗಳಿಂದ ಕೇಳುಗನ ಮೈಗೆ ಬಂದಿದೆ. ಯೆಹೂದದ ಭಾಗ ನಂತರದ ಸೇರ್ಪಡೆ ಎನ್ನುವ ವಿದ್ವಾಂಸರಿದ್ದಾರೆ. ಇರಲಿ; ಸೇರಿಸಿದವನಿಗೂ ಈ ರಚನೆಯ ಲೆಕ್ಕ ತಿಳಿದಿತ್ತು.

ಇನ್ನು ಬಸವಣ್ಣನ ಹೋಲಿಕೆ. ವಚನಕಾರರು ಕಾಯಕ, ದಾಸೋಹಗಳ ಬದಲಿ ಬದುಕೊಂದನ್ನು ಕಟ್ಟಿದರು. ಆಮೋಸ ಯಾವ ಕೂಟವನ್ನೂ ಕಟ್ಟಲಿಲ್ಲ. ಬೇತೇಲಿನ ಯಾಜಕ ಅಮಚ್ಯ ಊರು ಬಿಡೆಂದಾಗ, ತಾನು ವೃತ್ತಿಯ ಪ್ರವಾದಿಯಲ್ಲ, ಅತ್ತಿಮರ ನೋಡಿಕೊಳ್ಳುವವನು ಎಂದ. ಆಪಾದನೆಯನ್ನು ಇನ್ನಷ್ಟು ಬಿಗಿ ಮಾಡಿದ. ಇಬ್ಬರನ್ನೂ ಒಂದೇ ಮಾಡಿದರೆ ಬಸವಣ್ಣನ ಕಟ್ಟುವಿಕೆ ಬರೀ ಸಿಟ್ಟಾಗುತ್ತದೆ, ಆಮೋಸನ ಸಿಟ್ಟು ಬರೀ ಉಪದೇಶವಾಗುತ್ತದೆ.

ನಮ್ಮ ಕೊಪ್ಪಳ ಜಿಲ್ಲೆಯ ಓದುಗರನ್ನು ಥಟ್ಟನೆ ಹಿಡಿಯುವುದು ನಾಲ್ಕನೆಯ ಅಧ್ಯಾಯ: ಒಂದು ಹೊಲಕ್ಕೆ ಮಳೆ, ಪಕ್ಕದ್ದಕ್ಕೆ ಬರ, ನೀರಿಗಾಗಿ ಊರೂರು ಅಲೆದಾಟ. ಗಂಗಾವತಿಯ ಭತ್ತದ ಗದ್ದೆಯಿಂದ ಕುಷ್ಟಗಿ, ಯಲಬುರ್ಗಾದ ಒಣ ಹೊಲಗಳತ್ತ ಹೋದವರಿಗೆ ಇದಕ್ಕೆ ಟಿಪ್ಪಣಿ ಬೇಡ. ಆದರೆ ಆಮೋಸನಿಗೆ ಅದು ದೇವರ ಎಚ್ಚರಿಕೆ. ನಮ್ಮಲ್ಲಿ ಆ ಗೆರೆ ಎಳೆದದ್ದು ತುಂಗಭದ್ರೆಯ ಎಡದಂಡೆ ಕಾಲುವೆ, ಅಂದರೆ ಮನುಷ್ಯರು. ಗುಳೆ ಹೋಗುವವನಿಗೆ ಬರವೇ ಅವನ ಪಾಪದ ಫಲವೆಂದು ಈ ಭಾಗವನ್ನು ಓದಿ ಹೇಳುವುದು ಅನ್ಯಾಯ. ನಮಗೆ ಬೇಕಾದದ್ದು ಎಂಟನೆಯ ಅಧ್ಯಾಯ: ಅಳತೆ ಕಿರಿದುಮಾಡಿ, ತೂಕದ ಕಲ್ಲು ಹಿರಿದುಮಾಡಿ, ಗೋಧಿಯ ಕಸವನ್ನೂ ಮಾರಲು ಹಬ್ಬ ಯಾವಾಗ ಮುಗಿದೀತೆಂದು ಕಾಯುವ ವ್ಯಾಪಾರಿಗಳು.

ಕೊನೆಯ ಐದು ವಚನಗಳು ಮಾತ್ರ ಪುಸ್ತಕಕ್ಕೆ ಹೊಂದುವುದಿಲ್ಲ. ಬೆಟ್ಟಗಳಿಂದ ದ್ರಾಕ್ಷಾರಸ ಹರಿಯುವ ಆ ಸಮಾಧಾನವನ್ನು ಎಂಟೂವರೆ ಅಧ್ಯಾಯ ಎಲ್ಲಿಯೂ ಗಳಿಸಿಕೊಟ್ಟಿಲ್ಲ. ಅದು ಬೇರೆ ಕೈಯ ಬರಹವೆನ್ನುವವರ ಪಕ್ಷ ನನ್ನದು. ಅದನ್ನು ಬಿಟ್ಟು ಓದಿದರೆ, ತನ್ನ ಕೇಳುಗರನ್ನೇ ಕಟಕಟೆಗೆ ತರುವ ಕಲೆಯಲ್ಲಿ ಆಮೋಸನ ಸಮಕ್ಕೆ ನಿಲ್ಲುವವರು ಕಡಿಮೆ. ಕನ್ನಡ ವಿಮರ್ಶೆ ಅವನಿಗೆ ಕೊಡಬೇಕಾದದ್ದು ಓದು, ಹಾರ ಅಲ್ಲ.